ಸತ್ಯಾಂಶ: ಶೂ ಬಿಚ್ಚುವ ನಿಯಮ ಎಲ್ಲೆಡೆ ರದ್ದಾಗಿಲ್ಲ

"ಇನ್ನು ಯಾವ ಏರ್‌ಪೋರ್ಟ್‌ನಲ್ಲೂ ಶೂ ಬಿಚ್ಚಬೇಕಿಲ್ಲ, ಬಿಚ್ಚಿ ಅಂದರೆ ಒಪ್ಪಬೇಡಿ" ಎಂಬ ವಾಟ್ಸ್‌ಆ್ಯಪ್ ಸಂದೇಶದಲ್ಲಿ ನಿಜವಿರುವುದು ಅರ್ಧ ಮಾತ್ರ.

ಎಲ್ಲ ಪ್ರಯಾಣಿಕರೂ ಶೂ ಬಿಚ್ಚಲೇಬೇಕೆಂಬ ನಿಯಮವನ್ನು 2025ರ ಜುಲೈ 8ರಂದು ಕೈಬಿಟ್ಟಿದ್ದು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಟಿಎಸ್‌ಎ. ಅದು ಆ ದೇಶದ ತಪಾಸಣೆಗೆ ಮಾತ್ರ ಅನ್ವಯ. ಅಲ್ಲೂ ಯಂತ್ರ ಸದ್ದು ಮಾಡಿದರೆ ಶೂ ಬಿಚ್ಚಿಸುತ್ತಾರೆ.

2001ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬಾತ ಶೂನಲ್ಲಿ ಅಡಗಿಸಿಟ್ಟ ಸ್ಫೋಟಕಕ್ಕೆ ಕಡ್ಡಿ ಗೀರಲು ಹೋಗಿ ಸಿಕ್ಕಿಬಿದ್ದ. ಲೋಹ ಶೋಧಕದ ಚೌಕಟ್ಟು ಹಿಡಿಯುವುದು ಲೋಹವನ್ನು, ಸ್ಫೋಟಕವನ್ನಲ್ಲ. ಹಾಗಾಗಿ ಶೂಗಳನ್ನೂ ಎಕ್ಸ್‌ರೇಗೆ ಹಾಕುವ ಪದ್ಧತಿ ಬಂತು. ಅಮೆರಿಕದಲ್ಲಿ ಅದು ಎಲ್ಲರಿಗೂ ಕಡ್ಡಾಯವಾದದ್ದು 2006ರಲ್ಲಿ.

ಬೆಂಗಳೂರಿನಲ್ಲಿ ತಪಾಸಣೆ ಮಾಡುವುದು ಕೇಂದ್ರ ಸರ್ಕಾರದ ಭದ್ರತಾ ಪಡೆ ಸಿಐಎಸ್‌ಎಫ್. ಅಮೆರಿಕಕ್ಕೇ ಹೊರಟವರಾದರೂ ಇಲ್ಲಿ ಸಿಐಎಸ್‌ಎಫ್ ಸಿಬ್ಬಂದಿಯ ಮಾತೇ ನಡೆಯುವುದು. ನಡುವೆ ಯಾವ ದೇಶದಲ್ಲಿ ವಿಮಾನ ಬದಲಿಸುತ್ತೀರೋ ಅಲ್ಲಿ ಆ ದೇಶದ ನಿಯಮ. ಫಾರ್ವರ್ಡ್ ತೋರಿಸಿ ವಾದಕ್ಕೆ ನಿಂತರೆ ತಡವಾಗುವುದು ನಿಮಗೇ.

ಸದ್ದಿಗೆ ಸಾಮಾನ್ಯ ಕಾರಣ ಶೂ ಅಟ್ಟೆಯೊಳಗಿನ ಉಕ್ಕಿನ ಪಟ್ಟಿ. ಹಿಮ್ಮಡಿಯಿಂದ ಪಾದದ ನಡುವಿನವರೆಗೆ ಕೂತಿರುವ ಇದು ಹೊರಗೆ ಕಾಣುವುದಿಲ್ಲ. ಚರ್ಮದ ಫಾರ್ಮಲ್ ಶೂ, ಹೈ ಹೀಲ್ಸ್‌ಗಳಲ್ಲಿ ಹೆಚ್ಚು. ಮುಂಭಾಗಕ್ಕೆ ಉಕ್ಕಿನ ಕವಚವಿರುವ ಸೇಫ್ಟಿ ಶೂ ಅಂತೂ ಸದ್ದು ಮಾಡಿಯೇ ಮಾಡುತ್ತದೆ. ಸಾದಾ ಕ್ಯಾನ್ವಾಸ್ ಶೂ ಅಥವಾ ಬೇಗ ಬಿಚ್ಚಬಹುದಾದ ಲೇಸ್ ಇಲ್ಲದ್ದು ವಾಸಿ. ಸಾಕ್ಸ್ ಹಾಕಿರಿ, ಆ ನೆಲದ ಮೇಲೆ ಬರಿಗಾಲು ಯಾಕೆ?