31 ‘ಅಂತೆ’ಗಳು

ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ನಾನು ಕಾಲೇಜಿನಲ್ಲಿ ಬರೆದ ಒಂದು ಕತೆ ಸಿಕ್ಕಿತು. ಅಜ್ಜ ತೀರಿಕೊಂಡ ವರ್ಷ ಬರೆದದ್ದು. ನಾಲ್ಕು ಪುಟ. ಆಗ ಒಂದು ಪತ್ರಿಕೆಗೆ ಕಳಿಸಿದ್ದೆ, ಹೋದಷ್ಟೇ ಬೇಗ ವಾಪಸ್ ಬಂದಿತ್ತು. ಇವರಿಗೆಲ್ಲ ಸಾಹಿತ್ಯ ಏನು ಗೊತ್ತು ಅಂತ ಒಂದು ವಾರ ಬೈದುಕೊಂಡು ಓಡಾಡಿದ್ದೆ.

ಈಗ ಓದಿದೆ. ಮೊದಲ ಸಾಲೇ ಹೀಗಿದೆ: ‘ಆಕಾಶವು ಕಪ್ಪು ಕಂಬಳಿ ಹೊದ್ದ ತಾಯಿಯಂತೆ ಬಿಕ್ಕಳಿಸುತ್ತಿತ್ತು.’ ತಾಯಿ ಯಾಕೆ ಬಂದಳೋ, ಕಂಬಳಿ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಪೆನ್ಸಿಲ್ ತಗೊಂಡು ಎಣಿಸಿದೆ. ‘ಅಂತೆ’, ‘ಹಾಗೆ’, ‘ಥೇಟ್’ ಎಲ್ಲ ಸೇರಿ 31 ಕಡೆ. ಅಜ್ಜನ ಉಸಿರು ಎಣ್ಣೆ ತೀರಿದ ದೀಪದಂತೆ, ಅಜ್ಜಿಯ ಕಣ್ಣು ಬತ್ತಿದ ಕೆರೆಯಂತೆ, ಮನೆ ಸ್ಮಶಾನದಂತೆ. ಓದಿ ಮುಗಿಸಿದರೂ ಅಜ್ಜ ಒಂದು ಸಲವೂ ಕಣ್ಣ ಮುಂದೆ ಬರಲಿಲ್ಲ. ಬಂದದ್ದು ನಗು. ಸಾವಿನ ಕತೆ ಸ್ವಾಮಿ ಅದು!

ಅಂದ ಹಾಗೆ ಈ ಚಟ ನನ್ನೊಬ್ಬನದ್ದಲ್ಲ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಅಂತ ಶಾಲೆಯಿಂದಲೇ ಉರು ಹೊಡೆದವರು ನಾವು. ಆ ಸಾಮ್ರಾಜ್ಯದಲ್ಲಿ ನಮಗೂ ಒಂದು ಸೈಟು ಇರಲಿ ಅಂತ ಎಲ್ಲರಿಗೂ ಆಸೆ.

ಅವತ್ತು ರಾತ್ರಿ ರಷ್ಯನ್ ಕತೆಗಾರ ಚೆಕಾವ್‌ನ ‘ತೊಸ್ಕಾ’ ಕತೆಯನ್ನು ಮತ್ತೆ ತೆಗೆದೆ. 1886ರಲ್ಲಿ ಬರೆದದ್ದು, ಅವನಿಗಾಗ 26 ವರ್ಷ. ಇಂಗ್ಲಿಷಿನಲ್ಲಿ ‘ಮಿಸರಿ’ ಅಂತ ಓದಿರುತ್ತೀರಿ. ಇಯೋನಾ ಪೊತಾಪೊವ್ ಅಂತ ಒಬ್ಬ ಮುದುಕ, ಪೀಟರ್ಸ್‌ಬರ್ಗಿನಲ್ಲಿ ಕುದುರೆ ಗಾಡಿ ಓಡಿಸುತ್ತಾನೆ. ಅದೇ ವಾರ ಮಗ ಸತ್ತಿದ್ದಾನೆ. ಅದನ್ನು ಯಾರಿಗಾದರೂ ಹೇಳಿಕೊಳ್ಳಬೇಕು. ಗಾಡಿ ಹತ್ತಿದ ಯಾರಿಗೂ ಕೇಳುವ ಪುರುಸೊತ್ತಿಲ್ಲ. ಕತೆ ಇಷ್ಟೇ.

ಶುರುವಿನಲ್ಲಿ ಮುಸ್ಸಂಜೆ, ಆಗತಾನೇ ಹಚ್ಚಿದ ಬೀದಿ ದೀಪಗಳ ಸುತ್ತ ಒದ್ದೆ ಹಿಮ ಸೋಮಾರಿಯಾಗಿ ಸುತ್ತುತ್ತಿದೆ. ಇಯೋನಾ ದೆವ್ವದ ಹಾಗೆ ಬೆಳ್ಳಗಾಗಿ ಕೂತಿದ್ದಾನೆ. ಈ ಹೋಲಿಕೆ ಏನೂ ದೊಡ್ಡದಲ್ಲ, ನಾನೂ ಬರೆಯುತ್ತಿದ್ದೆ. ಮಜಾ ಇರೋದು ಕುದುರೆಯಲ್ಲಿ. ಅದೂ ಬೆಳ್ಳಗೆ, ಅಲ್ಲಾಡದೆ, ಕಡ್ಡಿಯಂಥ ಕಾಲೂರಿ ನಿಂತಿದೆ. ಹತ್ತಿರದಿಂದ ನೋಡಿದರೂ ಒಂದು ಕೊಪೆಕ್‌ಗೆ, ಅಂದರೆ ರಷ್ಯದ ಪುಡಿಗಾಸಿಗೆ, ಸಿಗುವ ಸಿಹಿ ರೊಟ್ಟಿಯ ಕುದುರೆಯಂತೆ ಕಾಣುತ್ತದೆ ಅನ್ನುತ್ತಾನೆ ಚೆಕಾವ್. ಮಕ್ಕಳಿಗೆ ಕೊಡಿಸುವ ತಿಂಡಿ ಅದು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಕುದುರೆ ಇರುತ್ತದಲ್ಲ, ಹೆಚ್ಚು ಕಡಿಮೆ ಹಾಗೆ.

ಮೊದಲ ಸಲ ಓದಿದಾಗ ತಮಾಷೆ ಅನಿಸಿತ್ತು. ಮಗ ಸತ್ತಿದ್ದಾನೆ ಅಂತ ಆ ಹೊತ್ತಿಗೆ ಓದುವವರಿಗೆ ಗೊತ್ತಿರುವುದಿಲ್ಲ. ಎರಡನೇ ಸಲ ಓದುವಾಗ ಅದೇ ಸಾಲು ಗಂಟಲಿಗೆ ಸಿಕ್ಕಿಕೊಂಡಿತು. ಮಗನನ್ನು ಕಳೆದುಕೊಂಡ ಅಪ್ಪನ ಎದುರಿಗೆ ಒಂದು ಮಕ್ಕಳ ಗೊಂಬೆ ತಂದು ನಿಲ್ಲಿಸಿದ್ದಾನಲ್ಲ! ಆ ಸಾಲಿನಲ್ಲಿ ಅಳು, ಕಣ್ಣೀರು ಅಂತ ಒಂದು ಪದ ಇಲ್ಲ. ಹೋಲಿಕೆ ಎಷ್ಟು ಚಂದ ಇದೆ ಅನ್ನೋದರಿಂದ ಕತೆಯ ಮೂಡ್ ಬರೋದಿಲ್ಲ. ಅದನ್ನು ಎಲ್ಲಿಂದ ಎತ್ತಿ ತಂದಿದ್ದಾರೆ ಅನ್ನೋದರಿಂದ ಬರುತ್ತದೆ. ನನ್ನ ಕಂಬಳಿ ಹೊದ್ದ ತಾಯಿ ಯಾವುದೋ ಕವನ ಸಂಕಲನದಿಂದ ಬಂದಿದ್ದಳು. ಚೆಕಾವ್‌ನ ಕುದುರೆ ಬಂದದ್ದು ಕಾಸಿನ ಲೆಕ್ಕದ ಲೋಕದಿಂದ. ಅವತ್ತಿಡೀ ದುಡಿದರೂ ಕುದುರೆಯ ಓಟ್ಸ್‌ಗೆ ಆಗುವಷ್ಟು ಗಿಟ್ಟಲಿಲ್ಲ ಅಂತ ಇಯೋನಾ ಪೇಚಾಡುತ್ತಾನೆ.

ನಡುವೆ ಒಂದೇ ಒಂದು ಕಡೆ ಚೆಕಾವ್ ದನಿ ಏರಿಸುತ್ತಾನೆ. ಇಯೋನಾನ ಎದೆ ಒಡೆದು ಸಂಕಟ ಹೊರಗೆ ಹರಿದರೆ ಲೋಕವೆಲ್ಲ ಮುಳುಗೀತು ಅನ್ನುತ್ತಾನೆ. ಇಂಥ ಮಾತು ನನ್ನ ಕತೆಯಲ್ಲೂ ಇತ್ತು, ಪುಟಕ್ಕೆ ಎರಡರಂತೆ. ಆದರೆ ಅವನು ಅಲ್ಲಿಗೆ ಬಿಡುವುದಿಲ್ಲ. ಆ ಸಂಕಟ ಎಂಥ ಪುಟ್ಟ ಚಿಪ್ಪಿನೊಳಗೆ ಸೇರಿಕೊಂಡಿದೆಯೆಂದರೆ, ಹಗಲಲ್ಲಿ ದೀಪ ಹಿಡಿದು ಹುಡುಕಿದರೂ ಕಾಣದು ಅನ್ನುತ್ತಾನೆ. ಎಬ್ಬಿಸಿದ ಪ್ರವಾಹವನ್ನು ಮರುಕ್ಷಣವೇ ಚಿಪ್ಪಿಗೆ ತುಂಬಿಬಿಟ್ಟ. ಓದುವಾಗ ಉಸಿರು ಕಟ್ಟುವುದು ಇಲ್ಲಿ.

ಮುಂದೆ 1899ರಲ್ಲಿ ತನಗಿಂತ ಕಿರಿಯ ಲೇಖಕ ಗಾರ್ಕಿಗೆ ಬರೆದ ಪತ್ರದಲ್ಲಿ ಚೆಕಾವ್ ಈ ವಿಷಯವನ್ನೇ ಎತ್ತುತ್ತಾನೆ. ಸಮುದ್ರ ಉಸಿರಾಡುತ್ತದೆ, ಆಕಾಶ ನೋಡುತ್ತದೆ ಅಂತ ಪದೇ ಪದೇ ಬರೆದರೆ ವರ್ಣನೆ ಸಪ್ಪೆಯಾಗುತ್ತದೆ, ಕತ್ತಲಾಯಿತು, ಮಳೆ ಬಂತು ಅಂತ ಸರಳವಾಗಿ ಬರೆದರೇ ಚಂದ ಅನ್ನೋದು ಅವನ ಬುದ್ಧಿವಾದ. ಇದನ್ನು ನನಗೆ ಯಾರಾದರೂ ಕಾಲೇಜಿನಲ್ಲಿ ಹೇಳಬಾರದಿತ್ತಾ? ಹೇಳಿದ್ದರೂ ಕೇಳುತ್ತಿರಲಿಲ್ಲ ಬಿಡಿ.

ಆದರೆ ಇಲ್ಲಿ ಅವನ ಹತ್ತಿರ ಒಂದು ಸಣ್ಣ ಜಗಳ ಇದೆ. ಕನ್ನಡದಲ್ಲಿ ಬರೀ ‘ಮಳೆ ಬಂತು’ ಅಂದರೆ ಏನೋ ಬಾಕಿ ಉಳಿದ ಹಾಗೆ ಇರುತ್ತದೆ. ಜಿಟಿಜಿಟಿಯೋ, ಧೋ ಅಂತಲೋ? ಜಿಟಿಜಿಟಿ ಅಂದರೆ ಒಣಗದ ಬಟ್ಟೆ, ಕಿಟಕಿ ಪಕ್ಕದ ಬೇಜಾರು. ಧೋ ಅಂದರೆ ಎಲ್ಲೋ ಏನೋ ಕೊಚ್ಚಿ ಹೋಗಲಿದೆ. ಕತ್ತಲೆ ಗವ್ ಅನ್ನುತ್ತದೆ, ಮನೆ ಬಿಕೋ ಅನ್ನುತ್ತದೆ. ಇವು ಉಪಮೆಯೂ ಅಲ್ಲ, ರೂಪಕವೂ ಅಲ್ಲ. ‘ಅಂತೆ’ಯ ಹಂಗಿಲ್ಲದೆ ಮೂಡ್ ತಂದು ಕೂರಿಸುತ್ತವೆ. ‘ಮನೆ ಸ್ಮಶಾನದಂತಿತ್ತು’ ಅನ್ನೋದಕ್ಕೂ ‘ಮನೆ ಬಿಕೋ ಅನ್ನುತ್ತಿತ್ತು’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದು ಭಾಷಣ. ಎರಡನೆಯದರಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಒಬ್ಬ ಮನುಷ್ಯ ಇದ್ದಾನೆ.

ಮತ್ತೆ ಇಯೋನಾನ ಹತ್ತಿರ ಬರುತ್ತೇನೆ. ಕೊನೆಗೆ ಅವನು ಲಾಯಕ್ಕೆ ಹೋಗಿ ಕುದುರೆಯ ಹತ್ತಿರ ಮಾತಾಡುತ್ತಾನೆ. ಈಗ ನಿನಗೊಂದು ಮರಿ ಇತ್ತು ಅಂದುಕೋ, ನೀನು ಅದರ ಹೆತ್ತ ತಾಯಿ, ಆ ಮರಿ ಇದ್ದಕ್ಕಿದ್ದಂತೆ ಸತ್ತು ಹೋಯಿತು ಅಂದುಕೋ, ಸಂಕಟ ಆಗಲ್ವಾ, ಅಂತ ಕೇಳುತ್ತಾನೆ. ಕುದುರೆ ಹುಲ್ಲು ಅಗಿಯುತ್ತಾ, ಕೇಳುತ್ತಾ, ಒಡೆಯನ ಕೈ ಮೇಲೆ ಉಸಿರು ಬಿಡುತ್ತದೆ.

ಇದನ್ನು ಎಷ್ಟೋ ಸಲ ಓದಿದ್ದೇನೆ. ಇಲ್ಲಿ ಹೋಲಿಕೆ ಮಾಡುತ್ತಿರುವವನು ಚೆಕಾವ್ ಅಲ್ಲ, ಇಯೋನಾ ಅಂತ ಈ ಸಲವೇ ಹೊಳೆದದ್ದು. ಕತೆಗಾರ ತನ್ನ ಹೋಲಿಕೆಗಳನ್ನೆಲ್ಲ ಬದಿಗಿಟ್ಟು ಕೈ ಕಟ್ಟಿ ನಿಂತಿದ್ದಾನೆ. ಓದು ಬರಹದ ಹಂಗಿಲ್ಲದ ಗಾಡಿಯವನು ತನ್ನ ದುಃಖವನ್ನು ಕುದುರೆಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತಿದ್ದಾನೆ. ಶುರುವಿನಲ್ಲಿ ಗೊಂಬೆ ಆಗಿದ್ದ ಕುದುರೆ ಈಗ ಒಬ್ಬ ತಾಯಿ.

ಅಜ್ಜ ಹೋದ ಮೇಲೆ ಅಜ್ಜಿ ಸುಮಾರು ದಿನ ಸಂಜೆ ಕುಟ್ಟಾಣಿ ಹಿಡಿದು ಕೂರುತ್ತಿದ್ದಳು. ಹಲ್ಲಿಲ್ಲದ ಅಜ್ಜನಿಗೆ ಎಲೆ ಅಡಿಕೆ ಕುಟ್ಟಿ ಕೊಡೋದು ಅವಳ ಕೆಲಸವಾಗಿತ್ತು. ಈಗ ಅದರೊಳಗೆ ಏನೂ ಇರುತ್ತಿರಲಿಲ್ಲ. ಒಂದಿನ, ಯಾಕಜ್ಜಿ ಸುಮ್ನೆ ಕುಟ್ತೀಯಾ, ಸದ್ದು ಜಾಸ್ತಿ ಆಗ್ತಿದೆ ಅಂದೆ. ಪರೀಕ್ಷೆಗೆ ಓದುತ್ತಿದ್ದೆ, ಸಿಟ್ಟು ಬಂದಿತ್ತು. ‘ಖಾಲಿ ಇದ್ರೆ ಹಂಗೇ ಕಣೋ, ಸದ್ದು ಜಾಸ್ತಿ’ ಅಂದಳು.

ಆ ನಾಲ್ಕು ಪುಟದಲ್ಲಿ ಕುಟ್ಟಾಣಿ ಎಲ್ಲೂ ಇಲ್ಲ. ಈಗ ಕತೆಯನ್ನು ಮತ್ತೆ ಬರೆಯುತ್ತಿದ್ದೇನೆ, ಒಂದೂವರೆ ಪುಟ ಆಗಿದೆ. ಅಜ್ಜಿಯ ಆ ಮಾತನ್ನು ಎಲ್ಲಿ ಹಾಕಬೇಕು ಅಂತ ಇನ್ನೂ ಗೊತ್ತಾಗಿಲ್ಲ.