ಬ್ಯಾಂಕರ್ ಬೇಯೆನ್‌ಗೆ ಯುರೋಪಿನ ಸ್ಥಾಪಕರ ಸಾಲಿನಲ್ಲಿ ಜಾಗ ಸಿಗಬೇಕೇ?

ಯುರೋಪಿಯನ್ ಒಕ್ಕೂಟವನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಮೊನೆ, ಶೂಮನ್, ಆಡೆನಾವರ್, ಸ್ಪಾಕ್ ಎಂಬ ಹೆಸರುಗಳು ಬರುತ್ತವೆ. ಯೊಹಾನ್ ವಿಲ್ಲೆಮ್ ಬೇಯೆನ್ ಹೆಸರು ಬರುವುದು ಅಪರೂಪ. 1897ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹುಟ್ಟಿದವರು. ಕಾನೂನು ಓದಿದರು, ಹಣಕಾಸು ಇಲಾಖೆಯಲ್ಲಿ ದುಡಿದರು, ಬ್ಯಾಂಕಿಗೆ ಹೋದರು. ಐವತ್ತೈದರ ವಯಸ್ಸಿನಲ್ಲಿ ವಿದೇಶಾಂಗ ಮಂತ್ರಿಯಾದರು, ಆಮೇಲೆ ಪ್ಯಾರಿಸ್‌ನಲ್ಲಿ ರಾಯಭಾರಿಯಾದರು. ಒಕ್ಕೂಟ ಇಂದು ತನ್ನ ಹಿರಿಯರ ಪಟ್ಟಿಯಲ್ಲಿ ಇವರನ್ನೂ ಸೇರಿಸಿಕೊಂಡಿದೆ. ಅದು ಸರಿಯೇ? ನನ್ನೊಳಗೆ ಎರಡು ಉತ್ತರಗಳಿವೆ. ಎರಡನ್ನೂ ಬರೆಯುತ್ತೇನೆ.

ಪರ: ಹೌದು, ದಾರಿ ತೋರಿಸಿದ್ದೇ ಇವರು

1952ರ ಸೆಪ್ಟೆಂಬರ್. ಡಚ್ ಪ್ರಧಾನಿ ವಿಲ್ಲೆಮ್ ಡ್ರೇಸ್ ಅವರ ಸರ್ಕಾರದಲ್ಲಿ ವಿದೇಶಾಂಗ ಖಾತೆ ಯಾರಿಗೆ ಎಂಬ ಜಗ್ಗಾಟ. ಕ್ಯಾಥೋಲಿಕ್ ಪಕ್ಷಕ್ಕೆ ಆ ಖಾತೆ ಬೇಕಿತ್ತು. ಡ್ರೇಸ್ ಅವರ ಲೇಬರ್ ಪಕ್ಷಕ್ಕೆ ಅದನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಕೊನೆಗೆ ಇಬ್ಬರನ್ನು ಕೂರಿಸಿದರು. ಒಬ್ಬರು ಕ್ಯಾಥೋಲಿಕ್ ಪಕ್ಷದ ಯೋಸೆಫ್ ಲುನ್ಸ್. ಇನ್ನೊಬ್ಬರು ಯಾವ ಪಕ್ಷಕ್ಕೂ ಸೇರದ ಬೇಯೆನ್. ಯುರೋಪಿನ ಕೆಲಸ ಬೇಯೆನ್ ಪಾಲಿಗೆ ಬಂತು. ಬ್ಯಾಂಕಿನವರು, ದೊಡ್ಡ ಕನಸು ಕಾಣುವವರಲ್ಲ, ಲೆಕ್ಕ ನೋಡಿಕೊಂಡು ಸುಮ್ನೆ ಇರುತ್ತಾರೆ ಎಂದುಕೊಂಡಿದ್ದರು. ಅಲ್ಲೇ ಅವರ ಅಂದಾಜು ತಪ್ಪಿತು.

ಆಗ ಯುರೋಪಿನ ಆರು ದೇಶಗಳು ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತದ ಕೆಳಗೆ ತಂದಿದ್ದವು. ಮುಂದಿನ ಹೆಜ್ಜೆಯಾಗಿ ಸೈನ್ಯವನ್ನೂ ಒಂದು ಮಾಡುವ ಮಾತು ನಡೆದಿತ್ತು. ಜೊತೆಗೆ ಒಂದೊಂದೇ ಉದ್ಯಮ ಹಿಡಿದು ಜೋಡಿಸುತ್ತಾ ಹೋದರೆ ಸಾಕು ಎಂಬುದು ಫ್ರಾನ್ಸಿನ ಮೊನೆ ಅವರ ದಾರಿ. ಬೇಯೆನ್ ಇದನ್ನು ಒಪ್ಪಲಿಲ್ಲ. ಕಲ್ಲಿದ್ದಲಿಗೆ ಗಡಿ ಇಲ್ಲ, ಆದರೆ ಅದರಿಂದ ತಯಾರಾದ ಯಂತ್ರಕ್ಕೆ ಗಡಿಯಲ್ಲಿ ಸುಂಕ ಇದೆ ಅಂದರೆ ಹೇಗೆ? ಒಂದು ಉದ್ಯಮವನ್ನು ಮಾತ್ರ ತೆರೆದರೆ ಅದರ ಭಾರ ಪಕ್ಕದ ಉದ್ಯಮದ ಮೇಲೆ ಬೀಳುತ್ತದೆ. ತೆರೆಯುವುದಾದರೆ ಇಡೀ ಮಾರುಕಟ್ಟೆಯನ್ನೇ ತೆರೆಯಬೇಕು. ಆರೂ ದೇಶಗಳ ನಡುವೆ ಸುಂಕ ಹೋಗಬೇಕು. ಹೊರಗಿನವರಿಗೆ ಒಂದೇ ಸುಂಕ ಇರಬೇಕು. ಅದನ್ನು ನೋಡಿಕೊಳ್ಳಲು ಎಲ್ಲ ದೇಶಗಳಿಗೂ ಮೇಲಾದ ಒಂದು ಆಡಳಿತ ಇರಬೇಕು.

ಇದು ಬರೀ ಪುಸ್ತಕ ಓದಿ ಬಂದ ಮಾತಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಮೂವತ್ತರ ದಶಕದಲ್ಲಿ ಯುರೋಪಿನ ಒಂದೊಂದು ದೇಶವೂ ಆ ಸುಂಕದವನೇ ಆಗಿತ್ತು. ತನ್ನ ಕೆಲಸಗಾರರನ್ನು ಉಳಿಸಿಕೊಳ್ಳಲು ಗೋಡೆ ಎತ್ತರಿಸುತ್ತಿತ್ತು. ಅದನ್ನು ನೋಡಿ ಪಕ್ಕದ ದೇಶವೂ ತನ್ನ ಗೋಡೆ ಎತ್ತರಿಸುತ್ತಿತ್ತು. ಹಡಗು, ಬಂದರು, ವ್ಯಾಪಾರವನ್ನೇ ನಂಬಿ ಬದುಕುವ ಡಚ್ಚರಿಗೆ ಇದರ ಪೆಟ್ಟು ಜಾಸ್ತಿ. ಆ ವರ್ಷಗಳನ್ನು ಬೇಯೆನ್ ರಾಟರ್‌ಡ್ಯಾಮ್‌ನ ದೊಡ್ಡ ಬ್ಯಾಂಕೊಂದರ ನಿರ್ದೇಶಕರಾಗಿ ಒಳಗಿನಿಂದಲೇ ಕಂಡಿದ್ದರು.

1952ರ ಕೊನೆಯಿಂದಲೇ ಅವರು ಇದನ್ನು ಹೇಳುತ್ತಾ ಬಂದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅವರ ಪ್ರಧಾನಿ ಡ್ರೇಸ್ ಅವರಿಗೇ ಉತ್ಸಾಹ ಇರಲಿಲ್ಲ. ಆಮೇಲೆ 1954ರ ಆಗಸ್ಟ್ 30ರಂದು ಫ್ರಾನ್ಸ್ ಸಂಸತ್ತು ಸೈನ್ಯದ ಯೋಜನೆಯನ್ನು ಕೈಬಿಟ್ಟಿತು. ಯುರೋಪನ್ನು ಒಂದು ಮಾಡುವ ಕೆಲಸ ಅಲ್ಲಿಗೆ ಮುಗಿಯಿತು ಎಂದೇ ಬಹಳ ಜನ ಅಂದುಕೊಂಡರು. ಬೇಯೆನ್ ಮಾತ್ರ 1955ರ ಏಪ್ರಿಲ್‌ನಲ್ಲಿ ತಮ್ಮ ಹಳೆಯ ಕಾಗದವನ್ನು ಮತ್ತೆ ತೆಗೆದು ಬೆಲ್ಜಿಯಂನ ವಿದೇಶಾಂಗ ಮಂತ್ರಿ ಸ್ಪಾಕ್ ಅವರಿಗೆ ಕಳಿಸಿದರು. ಸ್ಪಾಕ್ ಕೈಯಲ್ಲಿ ಮೊನೆ ಅವರ ಯೋಜನೆ ಇತ್ತು. ಎರಡನ್ನೂ ಸೇರಿಸಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಒಂದೇ ಮನವಿ ಮಾಡಿದವು. ಜೂನ್ 1ರಿಂದ 3ರವರೆಗೆ ಸಿಸಿಲಿಯ ಮೆಸ್ಸಿನಾದಲ್ಲಿ ಆರು ಮಂತ್ರಿಗಳು ಕೂತು ಮಾತಾಡಿದರು. ಆರೂ ದೇಶಗಳಿಗೆ ಒಂದೇ ಮಾರುಕಟ್ಟೆ ಎಂಬ ದಾರಿ ಅಲ್ಲಿ ತೆರೆಯಿತು.

ಅದೇ ತಿಂಗಳು ಬೇಯೆನ್ ಮುಂದಿನ ಮಾತುಕತೆಗೆ ಬ್ರಿಟನ್ನನ್ನು ಕರೆಯಲು ಲಂಡನ್ನಿಗೂ ಹೋಗಿ ಬಂದರು. ಬ್ರಿಟನ್ ಮಂತ್ರಿಯನ್ನು ಕಳಿಸಲಿಲ್ಲ. ವ್ಯಾಪಾರ ಇಲಾಖೆಯ ಒಬ್ಬ ಅಧಿಕಾರಿಯನ್ನು ಕಳಿಸಿ, ಕೆಲವೇ ತಿಂಗಳಲ್ಲಿ ಅವರನ್ನೂ ವಾಪಸ್ ಕರೆಸಿಕೊಂಡಿತು.

ಸೈನ್ಯ ಬೇಡ ಎಂದ ದೇಶಗಳು ಮಾರುಕಟ್ಟೆಗೆ ಒಪ್ಪಿದವು. ಒಪ್ಪಬಹುದು ಎಂದು ಮೊದಲೇ ಕಂಡಿದ್ದು ಹಣದ ಹರಿವನ್ನು ಬಲ್ಲ ಈ ಮನುಷ್ಯನಿಗೆ. 1957ರ ಮಾರ್ಚ್ 25ರಂದು ಆ ಮಾರುಕಟ್ಟೆಯನ್ನು ಕಟ್ಟುವ ರೋಮ್ ಒಪ್ಪಂದಕ್ಕೆ ಸಹಿ ಬಿತ್ತು. ಡಚ್ಚರ ಪರವಾಗಿ ಸಹಿ ಹಾಕಿದ್ದು ಲುನ್ಸ್. ಐದು ತಿಂಗಳ ಹಿಂದೆಯೇ ಬೇಯೆನ್ ಮಂತ್ರಿ ಪದವಿ ಬಿಟ್ಟಿದ್ದರು. ಆ ಕಾಗದದಲ್ಲಿ ಅವರ ಸಹಿ ಇಲ್ಲ ಎನ್ನುವುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವಿರೋಧ: ಬೇಡ, 1939ರ ಮಾರ್ಚ್ ಇನ್ನೂ ಇದೆ

ಮೆಸ್ಸಿನಾಕ್ಕೆ ಹದಿನಾರು ವರ್ಷ ಮೊದಲು ಬೇಯೆನ್ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿದ್ದರು. ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್, ಚಿಕ್ಕದಾಗಿ ಬಿಐಎಸ್, ಅದರ ಅಧ್ಯಕ್ಷರು. ಅದು ಕೇಂದ್ರ ಬ್ಯಾಂಕುಗಳ ಬ್ಯಾಂಕು. ದೇಶಗಳು ತಮ್ಮ ಚಿನ್ನವನ್ನು ಅಲ್ಲಿ ಇಡುತ್ತಿದ್ದವು.

1939ರ ಮಾರ್ಚ್ 15ರಂದು ಹಿಟ್ಲರ್‌ನ ಸೈನ್ಯ ಪ್ರಾಗ್‌ಗೆ ನುಗ್ಗಿತು. ಮೂರೇ ದಿನಕ್ಕೆ ಜೆಕೊಸ್ಲೊವಾಕಿಯಾದ ರಾಷ್ಟ್ರೀಯ ಬ್ಯಾಂಕಿನಿಂದ ಬಿಐಎಸ್‌ಗೆ ಒಂದು ಆದೇಶ ಬಂತು. ನಮ್ಮ ಖಾತೆಯಲ್ಲಿರುವ 23.1 ಟನ್ ಚಿನ್ನವನ್ನು ಜರ್ಮನಿಯ ಕೇಂದ್ರ ಬ್ಯಾಂಕಾದ ರೈಖ್ಸ್‌ಬ್ಯಾಂಕ್ ಖಾತೆಗೆ ಹಾಕಿ ಎಂದು. ಪ್ರಾಗ್‌ನ ಬ್ಯಾಂಕಿನೊಳಗೆ ಆಗ ರೈಖ್ಸ್‌ಬ್ಯಾಂಕಿನ ಪ್ರತಿನಿಧಿ ಬಂದು ಕೂತಿದ್ದ. ಸಹಿ ಹಾಕಿದವರು ಬೆದರಿಕೆಯ ಕೆಳಗೆ ಹಾಕಿದ್ದರು. ಇದನ್ನು ಊಹಿಸಲು ಗೂಢಚಾರರು ಬೇಕಿರಲಿಲ್ಲ. ಆ ವಾರದ ಪತ್ರಿಕೆ ಓದಿದ್ದರೆ ಸಾಕಿತ್ತು, ಅಲ್ವಾ?

ಬಿಐಎಸ್ ಆ ಆದೇಶವನ್ನು ಪಾಲಿಸಿತು. ಕಾಗದ ಸರಿ ಇದೆ, ತಡೆಯಲು ಕಾನೂನಿನಲ್ಲಿ ಕಾರಣ ಇಲ್ಲ ಎಂಬುದು ಅದರ ನಿಲುವು. ಚಿನ್ನ ಇದ್ದದ್ದು ಲಂಡನ್ನಿನಲ್ಲಿ, ಬ್ಯಾಂಕ್ ಆಫ್ ಇಂಗ್ಲೆಂಡಿನ ನೆಲಮಾಳಿಗೆಯಲ್ಲಿ. ಅದು ಅಲ್ಲಿಂದ ಕದಲಲೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಹೆಸರು ಬದಲಾಯಿತು, ಅಷ್ಟೇ. ಆಮೇಲೆ ಜರ್ಮನಿ ಅದನ್ನು ಬೇರೆ ಕಡೆಯ ಚಿನ್ನಕ್ಕೆ ಅದಲುಬದಲು ಮಾಡಿಕೊಂಡಿತು. ಜೆಕ್ ಖಾತೆಗಳನ್ನು ತಡೆಹಿಡಿಯುವ ಕಾಯ್ದೆಯನ್ನು ಬ್ರಿಟನ್ ಸಂಸತ್ತು ತಂದಾಗ ತಡವಾಗಿತ್ತು. ಮೇ ತಿಂಗಳಲ್ಲಿ ವಿಷಯ ಹೊರಬಿದ್ದು ಲಂಡನ್ನಿನ ಸಂಸತ್ತಿನಲ್ಲಿ ಗಲಾಟೆಯೇ ಆಯಿತು.

ತಪ್ಪು ಬೇಯೆನ್ ಒಬ್ಬರದೇ ಅಲ್ಲ, ನಿಜ. ಫ್ರಾನ್ಸಿನ ಕೇಂದ್ರ ಬ್ಯಾಂಕಿನ ಗವರ್ನರ್ ತಡೆಯಲು ನೋಡಿದಾಗ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಮಾಂಟೆಗ್ಯು ನಾರ್ಮನ್ ಕೈಜೋಡಿಸಲಿಲ್ಲ. ಬಿಐಎಸ್ ಆಡಳಿತ ಮಂಡಳಿಯ ಮುಖ್ಯಸ್ಥರೂ ಒಬ್ಬ ಇಂಗ್ಲಿಷರೇ. ಆದರೆ ಬ್ಯಾಂಕಿನ ಅಧ್ಯಕ್ಷರ ಕುರ್ಚಿ ಬೇಯೆನ್ ಅವರದು. ಕೆಲವು ದಿನ ಕಾಲ ತಳ್ಳಿದ್ದರೂ ಸಾಕಿತ್ತು. ಸಣ್ಣ ಸಾಲಗಾರನ ಅರ್ಜಿಯನ್ನು ವಾರಗಟ್ಟಲೆ ಮೇಜಿನ ಮೇಲೆ ಬಿಡಲು ಬ್ಯಾಂಕುಗಳಿಗೆ ಚೆನ್ನಾಗಿ ಬರುತ್ತದೆ. ಒಂದು ದೇಶದ ಚಿನ್ನದ ವಿಷಯದಲ್ಲಿ ಅದು ಯಾಕೆ ಬರಲಿಲ್ಲ?

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ಜಗತ್ತಿನ ಹಣಕಾಸಿನ ಹೊಸ ವ್ಯವಸ್ಥೆಗಾಗಿ ಸಭೆ ಸೇರಿತು. ಭಾರತದಿಂದ ಸಿ.ಡಿ. ದೇಶಮುಖ್ ಹೋಗಿದ್ದ ಸಭೆ ಅದು. ಡಚ್ ನಿಯೋಗದ ನಾಯಕ ಬೇಯೆನ್. ಬಿಐಎಸ್ ಅನ್ನು ಮುಚ್ಚಬೇಕು ಎಂದು ನಾರ್ವೆ ಕೇಳಿತು. ನಾರ್ವೆಯೂ ಆಗ ಜರ್ಮನ್ನರ ಕಾಲಡಿ ಇತ್ತು, ಡಚ್ಚರ ದೇಶವೂ ಇತ್ತು. ಆದರೂ ಡಚ್ ನಿಯೋಗ ಆ ಬ್ಯಾಂಕಿನ ಪರ ವಾದಿಸಿತು. ಮುಚ್ಚಬೇಕು ಎಂಬ ಗೊತ್ತುವಳಿ ಪಾಸಾಯಿತು, ಜಾರಿಗೆ ಬರಲೇ ಇಲ್ಲ.

ಮಾರುಕಟ್ಟೆಯ ಯೋಜನೆಯ ಹಿಂದೆಯೂ ಇದೇ ಮನಸ್ಸು ಇದೆ ಎನ್ನುವುದು ನನ್ನನ್ನು ಕಾಡುತ್ತದೆ. ನಿಯಮ ಸರಿ ಮಾಡಿ, ಹಣ ಹರಿಯಲು ಬಿಡಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ಮನಸ್ಸು. ಬೇಯೆನ್ ಯಾವ ಪಕ್ಷದ ಪರವಾಗಿಯೂ ಜನರ ಮುಂದೆ ನಿಂತವರಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಮಂತ್ರಿಯಾದವರು ಸಂಸತ್ತಿನ ಸದಸ್ಯರಾಗಿರುವಂತಿಲ್ಲ, ಅದು ಅಲ್ಲಿಯ ಪದ್ಧತಿ. ಆದರೂ ಕೋಟಿಗಟ್ಟಲೆ ಜನರ ಬದುಕನ್ನು ಬದಲಿಸುವ ಯೋಜನೆ ಹಾಕಿದವರು ಒಂದು ಮತವನ್ನೂ ಕೇಳಿರಲಿಲ್ಲ. ಒಕ್ಕೂಟದ ಆಡಳಿತ ಇರುವ ಬ್ರಸೆಲ್ಸ್ ಜನರಿಂದ ದೂರ ಎಂಬ ದೂರನ್ನು ಯುರೋಪಿನವರು ಇಂದಿಗೂ ಹೇಳುತ್ತಾರೆ.

ಶ್ರೇಯಸ್ಸಿನ ಲೆಕ್ಕವನ್ನೂ ನೋಡೋಣ. ಮೂರು ಪುಟ್ಟ ದೇಶಗಳ ಬೆನೆಲಕ್ಸ್ ಸುಂಕ ಒಕ್ಕೂಟ 1948ರಿಂದಲೇ ನಡೆಯುತ್ತಿತ್ತು. ಮೆಸ್ಸಿನಾದ ನಂತರ ತಿಂಗಳುಗಟ್ಟಲೆ ಸಮಿತಿ ನಡೆಸಿದ್ದು ಸ್ಪಾಕ್. ಅದರ ವರದಿಯನ್ನು ಬರೆದಿದ್ದು ಮುಖ್ಯವಾಗಿ ಫ್ರೆಂಚ್ ಅರ್ಥಶಾಸ್ತ್ರಜ್ಞ ಪಿಯೆರ್ ಯೂರಿ. ಬೇಯೆನ್ ಕೊಟ್ಟಿದ್ದು ಒಳ್ಳೆಯ ಯೋಚನೆ, ಒಪ್ಪುತ್ತೇನೆ. ಆದರೆ ಸ್ಥಾಪಕರು ಎಂದು ಕರೆದು ಗೋಡೆಗೆ ಫೋಟೋ ಹಾಕುವಾಗ ಜನ ಅವರ ಇಡೀ ಬದುಕನ್ನು ನೋಡುತ್ತಾರೆ. ಹಾಗೆ ನೋಡುವವರಲ್ಲಿ ಪ್ರಾಗ್‌ನವರೂ ಇರುತ್ತಾರೆ. ಜೆಕ್ ದೇಶವೂ ಇಂದು ಅದೇ ಒಕ್ಕೂಟದ ಸದಸ್ಯ.

ನಾಜಿಗಳ ಕಾಲದಲ್ಲಿ ಕಳೆದುಕೊಂಡ ಚಿನ್ನದಲ್ಲಿ ಒಂದು ಪಾಲು, 18.4 ಟನ್, ಜೆಕೊಸ್ಲೊವಾಕಿಯಾಕ್ಕೆ ಮರಳಿದ್ದು 1982ರಲ್ಲಿ. ಬೇಯೆನ್ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.