ಜನವರಿಯ ಎಂಟು ಸಂಜೆ ಮತ್ತು ಮಂಗನ ಕಾಯಿಲೆ

ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದ ನಮ್ಮ ಬಡಾವಣೆಯ ಕ್ರೈಸ್ತ ಸಭೆಗಳೆಲ್ಲ, ಅಂದರೆ ಬೇರೆ ಬೇರೆ ಚರ್ಚಿನವರೆಲ್ಲ, ಸೇರಿ ಮಾಡುವ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಒಂದು ಮೀಟಿಂಗ್ ಇತ್ತು. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಬರಬೇಕು, ಕೊನೆಯ ಆಶೀರ್ವಾದ ಯಾರು ಹೇಳಬೇಕು ಅಂತ ಒಂದೂವರೆ ಗಂಟೆ ಮಾತು ನಡೆಯಿತು. ಅಷ್ಟರಲ್ಲಿ ನಮ್ಮ ಬೀದಿಯ ಆಂಟಿಯೊಬ್ಬರು ಎದ್ದು ಪಾದ್ರಿಯವರಿಗೆ, "ನಾನು ಹೊರಡ್ತೀನಿ ಅಯ್ಯನವರೇ, ಮೆಗ್ಗಾನ್ ಆಸ್ಪತ್ರೆಗೆ ಗಂಜಿ ತಗೊಂಡು ಹೋಗ್ಬೇಕು, ಇವತ್ತು ನನ್ನ ಸರದಿ" ಅಂದರು.

ಸರದಿ ಅಂದಿದ್ದು ಯಾಕೆ ಅಂತ ಆಮೇಲೆ ತಿಳಿಯಿತು. ಸೊರಬದ ಕಡೆಯ ಹಳ್ಳಿಯಿಂದ ಒಬ್ಬರನ್ನು ಜ್ವರ ಅಂತ ಅಡ್ಮಿಟ್ ಮಾಡಿದ್ದರು, ಮಂಗನ ಕಾಯಿಲೆ ಇರಬಹುದು ಅಂತ ಅನುಮಾನ, ಜೊತೆಯಲ್ಲಿ ಹೆಂಡತಿ ಒಬ್ಬರೇ, ದನ ನೋಡಿಕೊಳ್ಳಲು ಮಗ ಊರಲ್ಲೇ ಉಳಿದಿದ್ದ. ಅವರು ಕ್ರೈಸ್ತರಲ್ಲ. ಆಂಟಿ ಪೆಂಟೆಕೋಸ್ಟ್ ಸಭೆಯವರು. ಮರುದಿನದ ಸರದಿ ಪಕ್ಕದ ಮನೆಯ ಕ್ಯಾಥೊಲಿಕ್ ಅಕ್ಕನದು. ಇಬ್ಬರ ನಡುವೆ ಒಂದೇ ಕ್ಯಾರಿಯರ್ ಓಡಾಡುತ್ತಿತ್ತು, ಗಂಜಿ ಮತ್ತು ಅಪ್ಪೆಮಿಡಿ. ರೋಗಿಯ ಹೆಂಡತಿ ಒಮ್ಮೆ "ನೀವು ನಮಗೆ ಏನಾಗ್ಬೇಕು?" ಅಂತ ಕೇಳಿದರಂತೆ. "ಏನೂ ಇಲ್ಲ ಕಣಮ್ಮ, ಮೊದಲು ಊಟ ಮಾಡು" ಅಂದರಂತೆ ಆಂಟಿ.

ಅವತ್ತಿನಿಂದ ನನಗೆ ಒಂದೇ ಯೋಚನೆ. ನಾವು ಎಲ್ಲರೂ ಒಟ್ಟಾಗಿ ಹೊರಗೆ ಬರುವುದು ಯಾವಾಗ? ಚರ್ಚಿಗೆ ಯಾರೋ ಕಲ್ಲು ಹೊಡೆದಾಗ, ಸ್ಮಶಾನದ ಜಾಗಕ್ಕೆ ತಕರಾರು ಬಂದಾಗ, 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ. ಇದು ತಪ್ಪು ಅಂತ ಹೇಳುತ್ತಿಲ್ಲ. ನಾವು ಸಣ್ಣ ಸಮುದಾಯ, ಭಯ ನಿಜವಾದದ್ದು, ಆ ಮನವಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಆದರೆ ನಮ್ಮದಲ್ಲದ ಒಂದು ಕಷ್ಟಕ್ಕೆ ನಾವೆಲ್ಲ ಸೇರಿ ಡಿಸಿ ಆಫೀಸಿಗೆ ಹೋಗಿದ್ದು ನನಗೆ ನೆನಪಿಲ್ಲ. ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ, ಗದ್ದೆ ಕೊಟ್ಟು ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆದಿದ್ದನ್ನು ಈ ಜಿಲ್ಲೆಯಲ್ಲಿ ನೋಡದವರು ಯಾರು? 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಆಗ ನಾವು ನಮ್ಮ ನಮ್ಮ ಸಭೆಗಳಲ್ಲಿ ಪ್ರಾರ್ಥನೆ ಮಾಡಿದೆವು, ಅಷ್ಟೇ.

ಮತ್ತಾಯ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಆರು ಮಾತು: ಹಸಿದವರು, ಬಾಯಾರಿದವರು, ಪರದೇಶಿ, ಬಟ್ಟೆಯಿಲ್ಲದವರು, ರೋಗಿ, ಸೆರೆಯಲ್ಲಿರುವವರು. ಎಲೆಕ್ಷನ್ ಬಂದಾಗ ಯಾವ ಪಕ್ಷ ನಮಗೆ ಒಳ್ಳೆಯದು ಅಂತ ಕೇಳುವ ಮೊದಲು ಈ ಆರನ್ನು ಇಟ್ಟುಕೊಂಡು ಕೇಳಬೇಕು ಅಂತ ನನಗೆ ಅನಿಸುತ್ತದೆ.

ಸಭೆ ಸಭೆಗಳ ಭೇದ ಅಷ್ಟು ಸುಲಭಕ್ಕೆ ಹೋಗಲ್ಲ ಅನ್ನುತ್ತಾರೆ. ಹೌದು. ನಾನು ಸಿಎಸ್‌ಐ, ಅಂದರೆ ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಆದ ಚರ್ಚ್ ಆಫ್ ಸೌತ್ ಇಂಡಿಯಾದವನು. ನಮ್ಮ ಹಿರಿಯರು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರು ಮಾಡಿ ಒಂದೇ ಸಭೆಯಾಗಲು 28 ವರ್ಷ ತೆಗೆದುಕೊಂಡರು. ಬಿಷಪ್ ಬೇಕು ಅನ್ನುವವರು, ಬೇಡವೇ ಬೇಡ ಅನ್ನುವವರು, ಕೊನೆಗೂ 1947ರ ಸೆಪ್ಟೆಂಬರ್ 27ರಂದು ಒಂದಾದರು. ದೇಶ ಎರಡಾಗಿ ಆಗ ಬರೀ ಆರು ವಾರ! ಗಂಜಿ ಒಯ್ಯಲು ಅಷ್ಟು ಕಾಯಬೇಕಾಗಿಲ್ಲ. ಬಿಷಪ್ ವಿಷಯ, ದೀಕ್ಷಾಸ್ನಾನದ ವಿಷಯ ಇತ್ಯರ್ಥ ಆಗದೆಯೂ ಇಬ್ಬರು ಹೆಂಗಸರು ಕ್ಯಾರಿಯರ್ ಹಂಚಿಕೊಂಡಿದ್ದನ್ನು ನಾನೇ ನೋಡಿದೆನಲ್ಲ.

ಜನವರಿ 18ರಿಂದ 25 ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ. ಮಂಗನ ಕಾಯಿಲೆಯ ಕಾಲವೂ ಅದೇ. ಸೊಪ್ಪು, ತರಗೆಲೆ ತರಲು ಜನ ಕಾಡಿಗೆ ಹೋಗುತ್ತಾರೆ, ಉಣುಗು ಕಚ್ಚುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಆ ಎಂಟು ಸಂಜೆಗಳಲ್ಲಿ ಎರಡನ್ನಾದರೂ ಕಾಡಂಚಿನ ಒಂದು ಊರಿಗೆ ಕೊಡೋಣ. ಅಲ್ಲಿನ ಆಶಾ ಕಾರ್ಯಕರ್ತೆಯನ್ನೇ ಏನು ಬೇಕು ಅಂತ ಕೇಳೋಣ. ಬ್ಯಾನರ್ ಬೇಡ, ಕರಪತ್ರ ಬೇಡ, ಫೋಟೋನೂ ಬೇಡ. ಜ್ವರದಲ್ಲಿ ಮಲಗಿದವರ ಹತ್ತಿರ ನಮ್ಮ ಸಭೆಯ ಹೆಸರು ಹೇಳುವ ಅಗತ್ಯ ಇಲ್ಲ.

ಅಯ್ಯನವರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಒಂದು ಜೀಪು ಸಿಕ್ಕಿದೆ. ಫಾದರ್ ಹತ್ತಿರ ಅಕ್ಕ ಕೇಳುತ್ತೇನೆ ಅಂದಿದ್ದಾರೆ, ಆಂಟಿ ತಮ್ಮ ಪಾಸ್ಟರನ್ನು ಕೇಳುತ್ತಾರೆ. ಬರುವವರು ಇಲ್ಲೇ ಹೇಳಿ.